ಟೈಲರಮ್ಮನ ಪಕ್ಕದ ಗೋಡೆ

ನವೆಂಬರ್ ೪

ಪುಟ್ಟಿ,

ಕೆಲಸದ ಕ್ಯಾಂಪಿಗೆ ಬಂದು ಸೇರಿದೆ. ದಾರಿಯುದ್ದಕ್ಕೂ ಮೈ ಕೆರೆದುಕೊಂಡೇ ಬಂದೆ. ಬಸ್ಸಿನಲ್ಲಿ ಪಕ್ಕದ ಸೀಟಿನವನು ನನಗೇನೋ ಚರ್ಮದ ರೋಗ ಅಂದುಕೊಂಡು ಎದ್ದು ಹೋಗಿ ಡ್ರೈವರ್ ಹತ್ತಿರ ನಿಂತ. ಚಳಿ ತಡೆಯಲಿ ಅಂತ ನಿನ್ನ ಮನೆಯ ಗೋಡೆಗೆ ತುಂಬಿದ ಗಾಜಿನ ಹತ್ತಿ ಇನ್ನೂ ನನ್ನ ಕಾಲರಿನೊಳಗೆ ಕೂತಿದೆ ಕಣೇ. ನನಗೆ ಯಾರೂ ಹೆಣ್ಣು ಕೊಡದಿರುವುದಕ್ಕೆ ಈ ತುರಿಕೆಯೇ ಕಾರಣ, ನನ್ನ ಮುಖವಲ್ಲ. ಹಾಗಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ.

ಈಗ ಹೇಳು, ಮನೆ ಬೆಚ್ಚಗಾಯಿತೋ ಇಲ್ಲವೋ? ಈ ಹತ್ತಿಗೆ ತನ್ನದು ಅಂತ ಒಂದು ಚೂರೂ ಬಿಸಿಯಿಲ್ಲ. ಅದು ಮಾಡುವುದಿಷ್ಟೇ, ಗಾಳಿಯನ್ನು ಅಲ್ಲಾಡದ ಹಾಗೆ ಹಿಡಿದು ಕೂರಿಸುತ್ತದೆ. ಒಲೆಯ ಬಿಸಿ, ನಿಮ್ಮಿಬ್ಬರ ಮೈಯ ಬಿಸಿ ಹೊರಗೆ ಹೋಗಲು ದಾರಿ ಸಿಗದೆ ಒಳಗೇ ಉಳಿಯುತ್ತದೆ. ಬೆಚ್ಚಗಿರುವುದು ನಿಮ್ಮಿಂದಲೇ ಹೊರತು ನನ್ನಿಂದಲ್ಲ. ಆದರೆ ಹೊಗಳುವುದಿದ್ದರೆ ನನ್ನನ್ನೇ ಹೊಗಳು.

ಟೈಲರಮ್ಮನ ಪಕ್ಕದ ಗೋಡೆ ಇದೆಯಲ್ಲ, ಅಂಥ ಕೆಲಸವನ್ನು ನಾನು ಸಿನಿಮಾ ಥಿಯೇಟರಿಗೂ ಮಾಡಿಕೊಟ್ಟಿಲ್ಲ. ಭಾವನವರು ಬಾಯಿಬಿಟ್ಟು ಕೇಳಿದ್ದೇ ಅದೊಂದನ್ನು. "ಬೆಳಕು ಹರಿಯೋಕೆ ಮುಂಚೆ ಆಕೆ ಮಿಷಿನ್ ತುಳಿಯೋಕೆ ಶುರು ಮಾಡ್ತಾಳೆ ಭಾವ, ತಲೆ ಸಿಡಿದುಹೋಗುತ್ತೆ. ಅದೊಂದು ಗಟ್ಟಿ ಮಾಡ್ಕೊಡಿ" ಅಂದರು. ಇದ್ದದ್ದು ಹಳೇ ಹಲಗೆ ಗೋಡೆ, ಆ ಕಡೆ ಸೂಜಿ ಬಿದ್ದರೆ ಈ ಕಡೆ ಕೇಳುತ್ತಿತ್ತು. ಅದಕ್ಕೆ ತಾಗದ ಹಾಗೆ ಬೇರೆ ಚೌಕಟ್ಟು ನಿಲ್ಲಿಸಿ, ಹತ್ತಿ ತುಂಬಿ, ಮೇಲೆ ಎರಡು ಪದರ ಜಿಪ್ಸಮ್ ಬೋರ್ಡು ಬಡಿದು, ಒಂದು ಇರುವೆ ನುಸುಳುವ ಸಂದೂ ಬಿಡದೆ ಮೆತ್ತಿದ್ದೇನೆ. ಈಗ ನಿಮ್ಮ ಕೋಣೆಯಲ್ಲಿ ಆನೆ ಘೀಳಿಟ್ಟರೂ ಟೈಲರಮ್ಮನಿಗೆ ಗೊತ್ತಾಗದು.

ನೀನು ಮಾತ್ರ ಯಾಕೋ ಇಡೀ ದಿನ ಮುಖ ಊದಿಸಿಕೊಂಡಿದ್ದೆ. "ಈ ಗೋಡೆ ಹೀಗೇ ಇರ್ಲಿ ಬಿಡೋ ಅಣ್ಣ" ಅಂತ ಹಿಂದೆ ಹಿಂದೆಯೇ ಬಂದು ತಲೆ ತಿಂದೆ. ಬಣ್ಣ ಮತ್ತೆ ಬಳಿಯಬೇಕಲ್ಲ ಅನ್ನುವ ಸೋಮಾರಿತನ, ನನಗೆ ಗೊತ್ತಿಲ್ಲವೇ? ಮಣಿಕಟ್ಟಿನ ಮೇಲೆ ಬಿಸಿನೀರು ಚೆಲ್ಲಿಕೊಂಡದ್ದು ವಾಸಿಯಾಯಿತಾ? ಚಿಕ್ಕಂದಿನಿಂದಲೂ ನಿನ್ನ ಕೈಗೆ ಒಂದು ಲೋಟ ಕೊಟ್ಟರೆ ನೆಲಕ್ಕೇ ಅದು. ಭಾವನವರು ಬ್ಯಾಂಡೇಜು ಎಷ್ಟು ನೀಟಾಗಿ ಕಟ್ಟಿದ್ದರು! ಔಷಧಿ ಅಂಗಡಿಯವರನ್ನು ಮದುವೆಯಾದದ್ದಕ್ಕೆ ಇದಾದರೂ ಲಾಭ. ಅದೃಷ್ಟವಂತೆ ಕಣೇ ನೀನು.

ನಿನ್ನ ಅಣ್ಣ

ನವೆಂಬರ್ ೧೫

ಪ್ರೀತಿಯ ಅಣ್ಣನಿಗೆ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನೀನೂ ಕ್ಷೇಮವೆಂದು ತಿಳಿದು ಸಂತೋಷವಾಯಿತು.

ಮನೆ ಬೆಚ್ಚಗಿದೆ. ತುಂಬ ನಿಶ್ಶಬ್ದವಾಗಿದೆ. ಟೈಲರಮ್ಮನ ಮಿಷಿನ್ ಸದ್ದು ಈಗ ಕೇಳುವುದಿಲ್ಲ. ಮೊದಲು ಆಕೆ ಒಮ್ಮೊಮ್ಮೆ ಕಬ್ಬಿಣದ ಸ್ಕೇಲಿನಿಂದ ಗೋಡೆ ಬಡಿಯುತ್ತಿದ್ದರು, ಅದೂ ಈಗ ಕೇಳುವುದಿಲ್ಲ. ಇವರಿಗೆ ನಿನ್ನ ಕೆಲಸ ಬಹಳ ಹಿಡಿಸಿದೆ. ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ.

ಕಳೆದ ವಾರ ನಾನು ಮೆಟ್ಟಿಲಿನಿಂದ ಜಾರಿಬಿದ್ದೆ. ಎದುರಿನ ಹಲ್ಲು ಎರಡು ಹೋದವು. ಡಾಕ್ಟರ ಹತ್ತಿರ ಹೋಗುವಷ್ಟೇನಿಲ್ಲ ಅಂತ ಇವರೇ ಔಷಧಿ ಹಾಕಿದ್ದಾರೆ. ನೀನು ಚಿಂತೆ ಮಾಡಬೇಡ. ಆದರೆ ಪತ್ರವನ್ನು ಗಮನವಿಟ್ಟು ಓದು. ನಾನು ಬಿದ್ದದ್ದು ಮೆಟ್ಟಿಲಿನಿಂದ.

ಕೆಲಸ ಮುಗಿದ ಮೇಲೆ ಒಮ್ಮೆ ಬಂದು ಹೋಗು. ಬೇಗ ಮುಗಿದರೆ ಬೇಗ ಬಾ.

ಇಂತಿ ನಿನ್ನ ತಂಗಿ

ಭಾವನವರಿಗೆ ನಮಸ್ಕಾರ. ನಿಮ್ಮ ತಂಗಿಯ ಪತ್ರದ ಕೆಳಗೆ ಜಾಗ ಉಳಿದಿತ್ತು, ನಾನೂ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ನಿಮ್ಮ ಕೆಲಸ ಅಂದರೆ ಕೆಲಸ! ಸಂಜೆ ಅಂಗಡಿಯಿಂದ ಬಂದು ಬಾಗಿಲು ಹಾಕಿಕೊಂಡರೆ ಪ್ರಪಂಚವೇ ಇಲ್ಲ. ಒಂದೇ ಒಂದು ಕೊರತೆ. ಬಚ್ಚಲುಮನೆಯ ಗಾಳಿಕಿಂಡಿಯಿಂದ ಇನ್ನೂ ಸ್ವಲ್ಪ ಸದ್ದು ಹೋಗುತ್ತದೆ. ಅದನ್ನು ನಾನೇ ಮುಚ್ಚುವುದಾದರೆ ಹೇಗೆ ಅಂತ ದಯವಿಟ್ಟು ಬರೆಯಿರಿ. ನಿಮ್ಮ ತಂಗಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ.

ನವೆಂಬರ್ ೨೮

ಪುಟ್ಟಿ,

ಇದೇನೇ ನಿನ್ನ ಪತ್ರ, ಸರ್ಕಾರಿ ಅರ್ಜಿಯ ಹಾಗೆ? "ನಮಸ್ಕಾರಗಳು" ಅಂತೆ! ಗಂಡನ ಪಕ್ಕ ಕೂತು ಬರೆದರೆ ಹೀಗೇ, ದೊಡ್ಡ ಮನುಷ್ಯಳಾಗಿಬಿಡುತ್ತೀಯ.

ಮೆಟ್ಟಿಲಂತೆ ಮೆಟ್ಟಿಲು. ಅಟ್ಟದ ಏಣಿ ತಾನೇ? ಅದರ ಕೆಳಗಿನ ಮೆಟ್ಟಿಲು ಸಡಿಲವಿದೆ, ಹತ್ತಬೇಡ ಅಂತ ನಾನು ಬಾಯಿ ಬಡಿದುಕೊಂಡಿರಲಿಲ್ಲವೇ? ಮೇಲೆ ಹತ್ತಿ ಹೇಗೆ ಹಾಸಿದ್ದೇನೆ ಅಂತ ನೋಡುವ ಚಪಲ. ಈಗ ನೋಡು, ಹಲ್ಲು ಹೋಯಿತು. ಹಲ್ಲಿಲ್ಲದ ಬಾಯಲ್ಲಿ ಜಗಳ ಮಾಡಿದರೆ ಯಾರಿಗೂ ಅರ್ಥವಾಗುವುದಿಲ್ಲ, ಭಾವನವರಿಗೆ ಒಳ್ಳೆಯದೇ ಆಯಿತು.

ಇಲ್ಲಿ ಹಿಮ ಶುರುವಾಗಿದೆ. ನಾವು ಕಟ್ಟುತ್ತಿರುವುದು ಮೀನು ಇಡುವ ತಣ್ಣನೆ ಗೋದಾಮು. ಹೊರಗೂ ಚಳಿ, ಒಳಗೂ ಚಳಿ. ಯಾವ ಚಳಿಯನ್ನು ಯಾವುದರಿಂದ ಕಾಪಾಡುತ್ತಿದ್ದೇವೋ ದೇವರಿಗೇ ಗೊತ್ತು. ಜನಕ್ಕೆ ಹುಚ್ಚು ಹಿಡಿದಿದೆ. ಮೊನ್ನೆ ಊಟದ ಹೊತ್ತಿಗೆ ಅಡಿಗೆಯವನೂ ವೆಲ್ಡರೂ ಕಾಲು ಕೆರೆದು ಜಗಳಕ್ಕೆ ನಿಂತರು. ವೆಲ್ಡರ್ ತಟ್ಟೆಯಲ್ಲಿ ಬಾರಿಸಿದ, ಅಡಿಗೆಯವನು ಸೌಟಿನಲ್ಲಿ ಬಾರಿಸಿದ, ಯಾರದೋ ಹಲ್ಲು ಸಾರಿನ ಪಾತ್ರೆಗೆ ಬಿತ್ತು. ನಾವೆಲ್ಲ ಬೆಂಚು ಹತ್ತಿ ನಿಂತು ಚಪ್ಪಾಳೆ ತಟ್ಟಿದೆವು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ನಿನ್ನ ಗಂಡನ ಥರ ಶಾಂತ ಮನುಷ್ಯ ಇಲ್ಲಿ ಹುಡುಕಿದರೂ ಒಬ್ಬ ಸಿಗುವುದಿಲ್ಲ.

ಭಾವನವರಿಗೆ ಹೇಳು: ಗಾಳಿಕಿಂಡಿಯ ಅಳತೆಗೆ ಒಂದು ಹಲಗೆ ಕತ್ತರಿಸಿ, ಅದರ ಹಿಂದೆ ಉಳಿದ ಹತ್ತಿಯನ್ನು ಗೋಣಿಯಲ್ಲಿ ಕಟ್ಟಿ ಒತ್ತಿ ತುರುಕಬೇಕು. ಅಂಚಿಗೆಲ್ಲ ಪುಟ್ಟಿ ಮೆತ್ತಬೇಕು. ನಿನ್ನನ್ನಲ್ಲ, ಬಣ್ಣದ ಅಂಗಡಿಯಲ್ಲಿ ಸಿಗುವ ಪುಟ್ಟಿಯನ್ನು! ಆಮೇಲೆ ಸದ್ದು ಹಾಗಿರಲಿ, ಆವಿಯೂ ಹೊರಗೆ ಹೋಗುವುದಿಲ್ಲ. ಗೋಡೆಗೆ ಬೂಷ್ಟು ಹಿಡಿಯದಂತೆ ಆಗಾಗ ಬಾಗಿಲು ತೆಗೆದಿಡು.

ಅಣ್ಣ

ಡಿಸೆಂಬರ್ ೧೦

ಅಣ್ಣ,

ಇದನ್ನು ಟೈಲರಮ್ಮನ ಮನೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅವನ ಪ್ಯಾಂಟಿನ ಜಿಪ್ಪು ಕಿತ್ತಿದೆ, ಹಾಕಿಸಿಕೊಂಡು ಬಾ ಅಂತ ಅವನೇ ಕಳಿಸಿದ್ದಾನೆ. ಜಿಪ್ಪು ಹಾಕುವಷ್ಟು ಹೊತ್ತು ನನ್ನದು. ಇನ್ನು ಮುಂದೆ ಟೈಲರಮ್ಮನ ವಿಳಾಸಕ್ಕೇ ಬರೆ. ನಮ್ಮ ಮನೆಗೆ ಬರುವ ಪತ್ರವನ್ನು ಅವನು ಒಡೆಯುತ್ತಾನೆ, ನಾನು ಬರೆಯುವುದನ್ನು ನಿಂತು ಓದುತ್ತಾನೆ.

ನಮ್ಮ ಮನೆಗೆ ಮೆಟ್ಟಿಲಿಲ್ಲ. ಅದು ನಿನಗೆ ಗೊತ್ತಿದೆ ಅಂತಲೇ ಹಾಗೆ ಬರೆದೆ. ಅವನು ಓದಿ ಸುಮ್ಮನಾಗುತ್ತಾನೆ, ನೀನು ಓದಿ ಬೆಚ್ಚಿಬೀಳುತ್ತೀಯ ಅಂದುಕೊಂಡೆ. ನೀನು ಏಣಿ ಹುಡುಕಿಕೊಟ್ಟೆ. ಹಲ್ಲು ಹೋದದ್ದು ಬಾಗಿಲಿನ ಚೌಕಟ್ಟಿಗೆ. ಕೂದಲು ಹಿಡಿದು ಅಲ್ಲಿಗೆ ಗುದ್ದಿದ. ಅವತ್ತು ನೀನು ನೋಡಿದ ಮಣಿಕಟ್ಟಿನ ಮೇಲೆ ಬಿದ್ದದ್ದು ಬಿಸಿನೀರೇ. ಚೆಲ್ಲಿಕೊಂಡವಳು ನಾನಲ್ಲ, ಅವನು ಹುಯ್ದದ್ದು. ನಿನ್ನ ಮುಂದೆಯೇ ಅದಕ್ಕೆ ಬ್ಯಾಂಡೇಜು ಕಟ್ಟಿದ, ನೀನು ಅವನ ಬೆನ್ನು ತಟ್ಟಿದೆ.

ಮೊದಲು ಅವನು ಕೈ ಎತ್ತಿ ನಾನು ಕೂಗಿದ ಕೂಡಲೇ ಟೈಲರಮ್ಮ ಸ್ಕೇಲು ತೆಗೆದುಕೊಂಡು ಗೋಡೆಗೆ ಟಕಟಕ ಬಡಿಯುತ್ತಿದ್ದರು. ಅಷ್ಟೇ ಸಾಕಾಗಿತ್ತು. ಬೀದಿಯಲ್ಲಿ ಅವನಿಗೆ ಮರ್ಯಾದೆಯ ಹೆಸರಿದೆಯಲ್ಲ, ಕೈ ಅಲ್ಲೇ ನಿಲ್ಲುತ್ತಿತ್ತು. ಆ ಹಾಳು ಹಲಗೆ ಗೋಡೆಯಿಂದ ನಾನು ಬದುಕಿದ್ದೆ ಅಣ್ಣ. ಅದಕ್ಕೇ ಬೇಡ ಬೇಡ ಅಂತ ನಿನ್ನ ಹಿಂದೆ ಸುತ್ತಿದೆ. ಅವನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ, ಇನ್ನೇನು ಬಾಯಿ ಬಿಡಲಿ?

ನೀನು ಬಸ್ಸು ಹತ್ತಿದ ಸಂಜೆಯೇ ಪರೀಕ್ಷೆ ಮಾಡಿದ. ರೇಡಿಯೋ ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದು ಮಾಡಿ, "ನೀನೂ ಕಿರುಚ್ತಾ ಇರು, ನಿಲ್ಲಿಸಿದ್ರೆ ನೋಡು" ಅಂತ ಹೇಳಿ ಪ್ಯಾಂಟಿನ ಅಂಚು ಮಡಿಸುವ ನೆಪ ಮಾಡಿಕೊಂಡು ಇಲ್ಲಿಗೆ ಬಂದ. ನಾನು ಮೂರ್ಖಳ ಹಾಗೆ ಗೋಡೆಗೆ ಬಾಯಿ ಕೊಟ್ಟು ಕಿರುಚಿದೆ, ಟೈಲರಮ್ಮನಿಗೆ ಕೇಳಲಿ ಅಂತಲೇ ಕಿರುಚಿದೆ. ವಾಪಸು ಬಂದವನ ಮುಖದಲ್ಲಿ ಎಂಥ ನಗು! "ನಿಮ್ಮಣ್ಣ ಬಂಗಾರದಂಥ ಮನುಷ್ಯ ಕಣೇ" ಅಂದು ಬೆಲ್ಟು ಬಿಚ್ಚಿದ. ಅವತ್ತಿನಿಂದ ಅವನಿಗೆ ಅವಸರವೇ ಇಲ್ಲ.

ಈಗ ಬಚ್ಚಲುಮನೆಯ ಕಿಂಡಿಯೂ ಮುಚ್ಚಿದೆ. ನೀನು ಬರೆದ ಹಾಗೇ ಮಾಡಿದ. ಹಲಗೆ ಹಿಡಿದುಕೊಂಡು ನಿಂತವಳು ನಾನು.

ಇವತ್ತು ಇಲ್ಲಿಗೆ ಬಂದಾಗ ಟೈಲರಮ್ಮ ಏನಂದರು ಗೊತ್ತೇ? "ಈಗೀಗ ಸುಧಾರಿಸಿದಾನೆ ಅಲ್ವೇನಮ್ಮ? ಸದ್ದೇ ಇಲ್ಲ. ದೇವ್ರು ದೊಡ್ಡೋನು." ನಾನು ಶಾಲು ಸರಿಸಿ ಬೆನ್ನು ತೋರಿಸಿದೆ. ಬಾಯಿ ತೆಗೆದು ತೋರಿಸಿದೆ. ಆಕೆ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಅಳುವುದಕ್ಕೇ ಕೂತುಬಿಟ್ಟರು.

ಇಲ್ಲಿಂದಲೇ ಓಡಿಹೋಗು ಅನ್ನುತ್ತೀಯ. ಹೋದರೆ ಟೈಲರಮ್ಮನ ಮನೆಗೆ ಬೆಂಕಿ ಇಡುತ್ತೇನೆ ಅಂದಿದ್ದಾನೆ. ಬಾಯಿಮಾತಲ್ಲ. ಒಂದು ದಿನ ಬೆಳಿಗ್ಗೆ ಆಕೆಯ ಹೊಸ್ತಿಲ ಮೇಲೆ ಸೀಮೆಎಣ್ಣೆ ಸುರಿದು, ನನ್ನ ಕೈಯಲ್ಲೇ ಒರೆಸಿಸಿದ. ಮನೆ ತುಂಬ ಬಟ್ಟೆ ಚೂರು, ಒಂದು ಕಡ್ಡಿ ಸಾಕು. ಪೊಲೀಸರ ಹತ್ತಿರ ಹಿಂದೆ ಒಮ್ಮೆ ಹೋಗಿದ್ದೆ. ಅವನಿಗೇ ಹೇಳಿಕಳಿಸಿದರು. ಬಂದು ಎಲ್ಲರ ಆರೋಗ್ಯ ವಿಚಾರಿಸಿ, ಒಬ್ಬರಿಗೆ ಕೆಮ್ಮಿನ ಔಷಧಿ ಕೊಟ್ಟು, ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದ.

ನೀನು ಬರುವ ತನಕ ನಾನು ಉಳಿಯಬೇಕು. ಇನ್ನೊಂದು ಸಲ ಕೈ ಎತ್ತಿದರೆ ಎಲ್ಲಿ ನಿಲ್ಲಿಸುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಆ ಗೋಡೆಯನ್ನು ಅವನಿಗೆ ಗೊತ್ತಾಗದ ಹಾಗೆ ಕೆಡಿಸುವುದು ಹೇಗೆ, ಅದನ್ನು ಹೇಳು. ಜಿಪ್ಪು ಹಾಕಿ ಆಯಿತು.

ಡಿಸೆಂಬರ್ ೧೯

ಪುಟ್ಟಿ,

ನಿನ್ನ ಪತ್ರ ಓದಿ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದೆ. ಹಿಡಿಯಲು ಬಂದ ವೆಲ್ಡರಿಗೂ ಬಿಟ್ಟೆ, ಪಾಪ, ಮೂಗಿನಲ್ಲಿ ರಕ್ತ. ಆ ನಾಯಿಯ ಕೈ ಎರಡೂ ಮುರಿಯದಿದ್ದರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ. ಅವನ ಬೆನ್ನು ತಟ್ಟಿದ ಈ ಕೈಯನ್ನು ಏನು ಮಾಡಲಿ ಹೇಳು. ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಅಂಚೆ ಜೀಪಿನವನ ಕಾಲು ಹಿಡಿದೆ, ಜನರನ್ನು ಹತ್ತಿಸುವ ಹಾಗಿಲ್ಲ ಅಂದ. ಶುಕ್ರವಾರ ಸಾಮಾನಿನ ಲಾರಿ ಗುಡ್ಡ ಇಳಿಯುತ್ತದೆ, ಅದರಲ್ಲಿ ಬರುತ್ತೇನೆ. ಅಲ್ಲಿಯವರೆಗೆ ಹೇಳಿದ ಹಾಗೆ ಮಾಡು.

ಗೋಡೆಗೆ ಕೆನ್ನೆ ತಾಗಿಸಿ ಬೆಳಕಿಗೆ ಓರೆಯಾಗಿ ನೋಡು. ಬಣ್ಣದ ಕೆಳಗೆ ಸ್ಕ್ರೂ ತಲೆಗಳು ಸಾಲಾಗಿ ಉಬ್ಬಿರುವುದು ಕಾಣುತ್ತದೆ. ಆ ಸಾಲುಗಳ ಹಿಂದೆ ಮಾತ್ರ ಮರ. ಎರಡು ಸಾಲಿನ ನಡುವೆ ಬೋರ್ಡು, ಹತ್ತಿ, ಅಷ್ಟೇ, ಜೋರಾಗಿ ಒದ್ದರೆ ಕಾಲು ಒಳಗೆ ಹೋಗುತ್ತದೆ. ನಿನ್ನ ಟ್ರಂಕಿನ ಹಿಂದೆ, ನೆಲಕ್ಕೆ ಹತ್ತಿರವಾಗಿ, ಅಂಗೈ ಅಗಲ ಕತ್ತರಿಸು. ಕೈ ಹಾಕಿ ಹತ್ತಿಯನ್ನು ಎಳೆದು ತೆಗೆ. ಸದ್ದು ನೀರಿದ್ದ ಹಾಗೆ, ಒಂದು ತೂತು ಸಿಕ್ಕರೆ ಇಡೀ ಗೋಡೆ ದಂಡ. ಮೂಗಿಗೆ ಬಟ್ಟೆ ಕಟ್ಟಿಕೋ, ಕಣ್ಣು ಮುಟ್ಟಬೇಡ. ತೆಗೆದ ಹತ್ತಿಯನ್ನು ದಿಂಬಿನೊಳಗೆ ತುಂಬಿ ಹೊಲಿ, ಕಸಕ್ಕೆ ಹಾಕಬೇಡ. ಟ್ರಂಕನ್ನು ಮತ್ತೆ ಅಲ್ಲೇ ಇಡು.

ಟೈಲರಮ್ಮನವರೇ, ಇದನ್ನು ನೀವೂ ಓದುತ್ತೀರಿ ಅಂತ ಗೊತ್ತು. ಓದಬೇಕು. ನಿಮ್ಮ ಕಡೆಯಿಂದ ಅದೇ ಜಾಗದಲ್ಲಿ ಹಲಗೆಯ ಸಂದಿನ ಪಟ್ಟಿ ಕೀಳಿ. ಕಿವಿ ಅಲ್ಲಿಡಿ. ನಿಮ್ಮ ಸ್ಕೇಲನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಸದ್ದು ಕೇಳಿದರೆ ಮೊದಲಿನ ಹಾಗೆ ಬಡಿಯಿರಿ, ಅವನ ಕೈ ನಿಲ್ಲುತ್ತದೆ. ನಿಮ್ಮ ಕಾಲಿಗೆ ಬೀಳುತ್ತೇನೆ.

ಡಿಸೆಂಬರ್ ೨೭

ಪುಟ್ಟಿ,

ಲಾರಿ ಅರ್ಧ ದಾರಿಯಿಂದ ವಾಪಸಾಯಿತು. ಗುಡ್ಡದ ಹಿಮ ಜಾರಿ ರಸ್ತೆಯ ಮೇಲೆ ಕೂತಿದೆ. ಮುಂದಕ್ಕೆ ಓಡಿಸೋ ಅಂತ ಡ್ರೈವರನ ಕುತ್ತಿಗೆ ಹಿಡಿದೆ. ಅವನೂ ಮಕ್ಕಳೊಂದಿಗ, ಅಳುವುದಕ್ಕೆ ಶುರುಮಾಡಿದ. ಇಳಿದು ನಡೆದೆ. ಸೊಂಟದವರೆಗೆ ಹೂತುಹೋದವನನ್ನು ಹಗ್ಗ ಹಾಕಿ ಎಳೆದರಂತೆ, ನನಗೆ ಸರಿಯಾಗಿ ನೆನಪಿಲ್ಲ.

ಹಿಮ ತೆಗೆಯುವ ಗಾಡಿಯವನು ಹೋಗುವಾಗ ಇದನ್ನು ಕೊಡುತ್ತಿದ್ದೇನೆ. ತೂತು ಮಾಡಿದೆಯಾ? ಕೇಳಿಸುತ್ತಾ? ನಿನ್ನಿಂದ ಪತ್ರವಿಲ್ಲ. ಟೈಲರಮ್ಮನಿಂದಲಾದರೂ ಒಂದು ಸಾಲು ಬರೆಸು. ಬೈಯುವುದಿದ್ದರೆ ಬೈದು ಬರೆ. ಬರೀ ಕಾಗದ ಕಳಿಸಿದರೂ ಸಾಕು.

ಅಣ್ಣ

ಜನವರಿ ೬

ಅಣ್ಣ,

ಬದುಕಿದ್ದೇನೆ. ಅದನ್ನು ಮೊದಲು ಓದಿಕೋ, ಆಮೇಲೆ ಉಳಿದದ್ದು.

ನೀನು ಹೇಳಿದ ಹಾಗೆ ಟ್ರಂಕಿನ ಹಿಂದೆ ತೂತು ಮಾಡಿದೆ. ಹತ್ತಿ ಎಳೆದೆ, ದಿಂಬಿಗೆ ತುಂಬಿದೆ. ಆ ಕಡೆಯಿಂದ ಟೈಲರಮ್ಮ ಹಲಗೆ ಪಟ್ಟಿ ಕಿತ್ತರು. ಅವನು ಅಂಗಡಿಗೆ ಹೋದ ಮೇಲೆ ನೆಲದ ಮೇಲೆ ಮಲಗಿ ಆಕೆಯ ಜೊತೆ ಮಾತಾಡಿದೆ. ಎಷ್ಟು ದಿನದ ಮೇಲೆ! "ಏನು ಮಾಡ್ತಿದೀಯಮ್ಮ?" ಅಂದರು, "ಮಲಗಿದೀನಿ" ಅಂದೆ, ಇಬ್ಬರೂ ನಕ್ಕೆವು.

ಆದರೆ ನನ್ನ ತೋಳು ಕೆಂಪಗೆ ದದ್ದೆದ್ದಿತು. ಎಷ್ಟು ತೊಳೆದರೂ ಹೋಗಲಿಲ್ಲ. ನಮ್ಮಿಬ್ಬರಿಗೂ ಹೊಳೆಯದೇ ಹೋದದ್ದು ಅದೊಂದೇ, ಅವನು ಔಷಧಿ ಅಂಗಡಿಯವನು. ಭಾನುವಾರ ಮಧ್ಯಾಹ್ನ ಊಟಕ್ಕೆ ಬಡಿಸುವಾಗ ತೋಳು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. "ಇದು ಗಾಜಿನ ದದ್ದು. ನಿಮ್ಮಣ್ಣನಿಗೂ ಇದಕ್ಕೇ ಮುಲಾಮು ಕೊಟ್ಟಿದ್ದೆ" ಅಂದ. ತಟ್ಟೆಯಲ್ಲೇ ಕೈ ತೊಳೆದು ಎದ್ದ. ಒಂದೊಂದೇ ಸಾಮಾನು ಸರಿಸುತ್ತಾ ಹೋದ. ಕೊನೆಗೆ ಟ್ರಂಕು ಸರಿಸಿದ.

ಕೂಗಾಡಲಿಲ್ಲ. ನನ್ನ ಕತ್ತು ಹಿಡಿದು ಬಗ್ಗಿಸಿ ಮುಖವನ್ನು ಆ ತೂತಿಗೆ ಒತ್ತಿದ. "ಕರಿ ಅವಳನ್ನ. ಕರಿಯೇ. ಇದಕ್ಕೇ ತಾನೇ ಮಾಡ್ಕೊಂಡಿದ್ದು?" ಅಂದ. ನಾನು ಕರೆದೆ. ಒಂದೊಂದು ಸಲ ಕರೆದಾಗಲೂ ತಲೆಯನ್ನು ಬೋರ್ಡಿಗೆ ಗುದ್ದಿದ. ಅಂಗೈ ಅಗಲಿಸಿ ಎಡಗಿವಿಯ ಮೇಲೆ ಬಾರಿಸಿದ, ಮತ್ತೆ ಅಲ್ಲೇ, ಮತ್ತೆ ಅಲ್ಲೇ. ಟೈಲರಮ್ಮ ಸ್ಕೇಲಿನಿಂದ ಬಡಿದರು. ಅಷ್ಟು ಜೋರಾಗಿ ಯಾವತ್ತೂ ಬಡಿದಿರಲಿಲ್ಲ. ಇನ್ನು ನಿಲ್ಲುತ್ತಾನೆ ಅಂದುಕೊಂಡು ಕಣ್ಣು ಮುಚ್ಚಿದೆ.

ನಿಲ್ಲಲಿಲ್ಲ ಅಣ್ಣ. "ಬಡೀಲಿ ಬಿಡು" ಅಂದ. ಇಷ್ಟು ದಿನ ಯಾರ ಭಯವೂ ಇಲ್ಲದೆ ಹೊಡೆದು ಹೊಡೆದು ಆ ಕೈಗೆ ರೂಢಿಯಾಗಿಬಿಟ್ಟಿತ್ತು. ಈಗ ಬೀದಿಗೆಲ್ಲ ಕೇಳಿಸಿದರೂ ಅದಕ್ಕೆ ಏನೂ ಅಲ್ಲ. ತೂತು ಮಾಡಿದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂತ ನೀನೂ ತಿಳಿದೆ, ನಾನೂ ತಿಳಿದೆ. ಮೊದಲಿನ ಹಾಗೆ ಆಗಲಿಲ್ಲ.

ಸ್ಕೇಲಿನ ಸದ್ದು ನಿಂತುಹೋಯಿತು. ಆಕೆಯೂ ಕೈಬಿಟ್ಟರು, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಗೋಡೆಯೇ ಅದುರಿತು. ಟೈಲರಮ್ಮ ಸೌದೆ ಒಡೆಯುವ ಕೊಡಲಿ ತಂದಿದ್ದರು! "ನಿಮ್ಮ ಮುಂಬಾಗಿಲಿಗೆ ಅಗುಳಿ, ಒಡೆಯೋಕೆ ಹೊತ್ತು ಹಿಡಿಯುತ್ತೆ, ನಿಮ್ಮಣ್ಣ ಬರೆದದ್ದು ಓದಿದ್ನಲ್ಲ, ಗೋಡೆಯೇ ಸಲೀಸು ಅನ್ನಿಸ್ತು" ಅಂತ ಆಮೇಲೆ ಹೇಳಿದರು. ಹಲಗೆ ಸೀಳಿತು. ಬೋರ್ಡು ಉಬ್ಬಿ ಈ ಕಡೆಗೆ ಒಡೆದುಕೊಂಡಿತು. ಹಳದಿ ಹತ್ತಿ ರಾಶಿರಾಶಿಯಾಗಿ ಕೋಣೆಗೆ ಬಿತ್ತು. ಅವನು ನನ್ನ ಕೂದಲು ಹಿಡಿದುಕೊಂಡೇ ಬಾಯಿ ತೆರೆದು ನೋಡುತ್ತಾ ನಿಂತ. ಟೈಲರಮ್ಮನ ದಪ್ಪ ದೇಹ ಹತ್ತಿಯ ಮಧ್ಯದಿಂದ ಕೆಮ್ಮುತ್ತಾ ತೂರಿ ಬಂತು. ಕೊಡಲಿ ಮರಕ್ಕೆ ಸಿಕ್ಕಿಕೊಂಡಿತ್ತು. ಹಿಂದಕ್ಕೆ ಕೈ ಚಾಚಿ ತಮ್ಮ ಕಡೆಯ ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡರು, ಬಿಸಿಯಾಗಿದ್ದದ್ದನ್ನು. ಅದನ್ನು ಬೀಸಿದ ರಭಸಕ್ಕೆ ಅವನ ದವಡೆ ಮುರಿದ ಸದ್ದು ನನಗೆ ಕೇಳಿಸಿತು.

"ಇಷ್ಟು ವರ್ಷ ನಿನ್ನ ಪ್ಯಾಂಟಿಗೆ ಇಸ್ತ್ರಿ ಹಾಕಿದೆ, ಇವತ್ತು ಮೂತಿಗೆ ಹಾಕ್ತೀನಿ ತಗೋ" ಅಂತ ಇನ್ನೊಂದು.

ಬಿದ್ದವನನ್ನು ನಾನೂ ಹೊಡೆದೆ. ಟ್ರಂಕಿನ ಕೀಲು ಕಿತ್ತು ಅದರ ಮುಚ್ಚಳವನ್ನೇ ಅವನ ಮೊಣಕಾಲಿನ ಮೇಲೆ ಹಾಕಿ ಮೇಲೇರಿ ಕುಣಿದೆ. ನಿನಗೆ ಸುಳ್ಳು ಹೇಳುವುದಿಲ್ಲ, ಸಂತೋಷವಾಯಿತು. ಸಾಕು ಬಿಡಮ್ಮ ಅಂತ ಟೈಲರಮ್ಮನೇ ನನ್ನನ್ನು ಹಿಡಿದೆಳೆದರು. ಅವನು ಹಂದಿಯ ಹಾಗೆ ಕಿರುಚುತ್ತಿದ್ದ. ಟೈಲರಮ್ಮನ ಬಾಗಿಲು ತೆರೆದೇ ಇತ್ತು, ಬೀದಿಯವರೆಲ್ಲ ಆ ಕಡೆಯಿಂದ ಬಂದು ಗೋಡೆಯೊಳಗಿಂದ ಇಣುಕಿದರು. ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ ಒಂದೇ ಸಮನೆ ಕತ್ತು ಕೆರೆದುಕೊಳ್ಳುತ್ತಿದ್ದರು. ಈ ಸಲ ನನ್ನ ಬೆನ್ನು ಎಲ್ಲರೂ ನೋಡಿದ್ದಾರೆ, ಇಡೀ ಬೀದಿ ನೋಡಿದೆ. ಅವನು ಆಸ್ಪತ್ರೆಯಲ್ಲಿದ್ದಾನೆ, ದವಡೆಗೆ ತಂತಿ ಬಿಗಿದಿದ್ದಾರೆ, ಕೋಣೆಯ ಬಾಗಿಲಲ್ಲಿ ಪೊಲೀಸಿನವರಿದ್ದಾರೆ. ಅಲ್ಲಿಂದ ಸೀದಾ ಜೈಲಿಗೆ ಅಂತ ಹೇಳಿದ್ದಾರೆ.

ನಾನು ಟೈಲರಮ್ಮನ ಮನೆಯಲ್ಲಿದ್ದೇನೆ. ಒಡೆದ ಗೋಡೆಗೆ ಕಂಬಳಿ ತೂಗುಹಾಕಿದ್ದೇವೆ, ಆದರೂ ಚಳಿ ನುಗ್ಗುತ್ತದೆ. ನೀನು ಬಂದು ಅವನ ಕೈ ಮುರಿಯುವುದೇನೂ ಬೇಕಿಲ್ಲ. ಮುರಿಯುವುದೆಲ್ಲ ಮುರಿದಾಯಿತು.

ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ. ನನ್ನ ಕೈ ನೋಡಿಯೂ ಅದೃಷ್ಟವಂತೆ ಅಂದೆಯಲ್ಲ, ಆ ಮಾತು ಗಂಟಲಲ್ಲಿ ಇಳಿಯುತ್ತಿಲ್ಲ. ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಬೈಯುತ್ತೇನೆ, ತುಟಿ ಬಿಚ್ಚದೆ ಕೇಳಬೇಕು. ಅತ್ತರೆ ಅಳು, ಆದರೆ ಮಧ್ಯೆ ಬಾಯಿ ಹಾಕಬೇಡ.

ಡಾಕ್ಟರು ಎಡಗಿವಿಯೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಪರದೆ ಪೂರ್ತಿ ಹೋಗಿದೆಯಂತೆ, ಒಳಗೂ ಏನೋ ಹಾಳಾಗಿದೆಯಂತೆ. ಆ ಕಡೆ ಇನ್ನು ಕೇಳುವುದಿಲ್ಲ. ಯಾರಾದರೂ ಎಡಗಡೆಯಿಂದ ಬಂದು ಮುಟ್ಟಿದರೆ ಜೀವ ಹೋದಂತಾಗಿ ಕಿರುಚಿಬಿಡುತ್ತೇನೆ, ಟೈಲರಮ್ಮನನ್ನೂ ಒಮ್ಮೆ ಹೊಡೆದುಬಿಟ್ಟೆ.

ಅದಕ್ಕೇ ಹೇಳುತ್ತಿದ್ದೇನೆ, ರಸ್ತೆ ತೆರೆದು ನೀನು ಬಂದಾಗ ಹಿಂದಿನಿಂದ ಬಂದು ಜಡೆ ಎಳೆಯುವ ನಿನ್ನ ಹಳೇ ಆಟ ಬೇಡ. ನನಗೆ ಕಾಣುವ ಹಾಗೆ ಮುಂದಿನಿಂದ ಬಾ. ಬಲಗಡೆ ಕೂತು ಮಾತಾಡು.

ಪುಟ್ಟಿ